ಪಾಲಿಯೆಸ್ಟರ್ ಶರ್ಟಿಗೆ ಪ್ರೈಡ್ ಬಣ್ಣ: ಆರು ಬಣ್ಣಕ್ಕೆ ಮೂರೇ ಪಾತ್ರೆ

ನನ್ನ ತಮ್ಮನ ಮಗಳು ಎರಡು ಬಿಳಿ ಜೆರ್ಸಿ ತಂದು ನಮ್ಮ ಡೊಂಬಿವಲಿ ಮನೆಯ ಅಡುಗೆ ಕಟ್ಟೆ ಮೇಲಿಟ್ಟಳು. "ಅತ್ತೆ, ಇದಕ್ಕೆ ಪ್ರೈಡ್ ಬಾವುಟದ ಬಣ್ಣ ಹಾಕೋಣ. ನನಗೊಂದು, ಅಪ್ಪನಿಗೊಂದು." ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಮೊದಲಾದವರು, ಅವರ ಜೊತೆ ನಿಲ್ಲುವವರು ಹೆಮ್ಮೆಯಿಂದ ನಡೆಯುವ ಮುಂಬೈಯ ಪ್ರೈಡ್ ಮೆರವಣಿಗೆ 2008ರ ಆಗಸ್ಟಿನಲ್ಲಿ ಶುರುವಾದದ್ದು, ಆಮೇಲಾಮೇಲೆ ಚಳಿಗಾಲಕ್ಕೆ ಬಂತು. ಅದಕ್ಕೆ ಅಪ್ಪ ಮಗಳು ಜೊತೆಯಾಗಿ ಹೊರಟಿರುವುದು ಇದೇ ಮೊದಲು. ಶರ್ಟು ಚೆನ್ನಾಗಿ ಬರಲೇಬೇಕಿತ್ತು.

ಮೊದಲು ಒಂದು ಹಳೇ ಜೆರ್ಸಿ ಮೇಲೆ ನೋಡಿದೆವು. ಅಂಗಡಿಯವರು ಎಲ್ಲಾ ಬಟ್ಟೆಗೂ ಆಗುತ್ತೆ ಎಂದು ಕೊಟ್ಟ ಪುಡಿಯನ್ನು ಬಾಟಲಿಯಲ್ಲಿ ಕಲಸಿ, ಗಂಟು ಕಟ್ಟಿದ ಬಟ್ಟೆಗೆ ಹಾಕಿ, ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ನಲ್ಲಿ ಕೆಳಗೆ ಹಿಡಿದರೆ ಬಣ್ಣವೆಲ್ಲ ಮೋರಿ ಪಾಲು.

ಅದು ಹತ್ತಿ ಬಟ್ಟೆಯ ಬಣ್ಣ. ಹತ್ತಿ ನೀರು ಕುಡಿಯುತ್ತದೆ, ಸೋಡಾ ಜೊತೆ ಹಾಕಿದರೆ ಬಣ್ಣ ತಣ್ಣಗೇ ಹಿಡಿಯುತ್ತದೆ. ಪಾಲಿಯೆಸ್ಟರ್ ಅಂದರೆ ಎಳೆ ಎಳೆಯಾದ ಪ್ಲಾಸ್ಟಿಕ್, ಅದು ನೀರನ್ನೇ ಒಳಗೆ ಬಿಡುವುದಿಲ್ಲ. ಅದಕ್ಕೆ ಬೇಕಾದದ್ದು ಡಿಸ್ಪರ್ಸ್ ಡೈ. ಇದು ನೀರಲ್ಲಿ ಕರಗುವುದಿಲ್ಲ, ಬರೀ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಬಿಸಿ ಜಾಸ್ತಿಯಾದಾಗ ಎಳೆ ಸಡಿಲವಾಗಿ ಬಣ್ಣ ಒಳಗೆ ನುಗ್ಗುತ್ತದೆ, ಆರಿದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಯೇ ಎಲ್ಲಾ. ಕಾರ್ಖಾನೆಗಳಲ್ಲಿ ಒತ್ತಡ ಹಾಕಿ ಸುಮಾರು 130 ಡಿಗ್ರಿಯಲ್ಲಿ ಬಣ್ಣ ಹಾಕುತ್ತಾರೆ. ಮನೆಯಲ್ಲಿ ನಮಗೆ ಸಿಗುವುದು 100, ಅಷ್ಟು ಸಾಕು. ಹಾಗಂತ ಕುಕ್ಕರ್ ಮುಚ್ಚಿ ಸೀಟಿ ಹೊಡೆಸಲು ಹೋಗಬೇಡಿ. ಬಟ್ಟೆ ಉಬ್ಬಿ ಆವಿಯ ದಾರಿ ಮುಚ್ಚಿದರೆ ಅಪಾಯ.

ಪ್ಯಾಕೆಟ್ ಮೇಲೆ ಪಾಲಿಯೆಸ್ಟರಿಗೆ ಅಥವಾ ಸಿಂಥೆಟಿಕ್ ಬಟ್ಟೆಗೆ ಎಂದು ಬರೆದಿದೆಯಾ ನೋಡಿಯೇ ಕೊಳ್ಳಿ. ಹಳದಿ, ಕೆಂಪು, ನೀಲಿ, ಮೂರೇ ಸಾಕು. ಶರ್ಟಿನ ಲೇಬಲ್ಲನ್ನೂ ಓದಿ. ನೂರಕ್ಕೆ ನೂರು ಪಾಲಿಯೆಸ್ಟರ್ ಇದ್ದರೆ ಒಳ್ಳೆಯದು. ಹತ್ತಿ ಬೆರೆತಿದ್ದರೆ ಹತ್ತಿಯ ಎಳೆಗೆ ಬಣ್ಣ ಹಿಡಿಯದೆ ಮಂಕಾಗುತ್ತದೆ. ಲೇಬಲ್ ಇಲ್ಲದಿದ್ದರೆ ಒಳಹೊಲಿಗೆಯ ಹತ್ತಿರದಿಂದ ಒಂದು ಎಳೆ ಕಿತ್ತು ಸುಡಿ: ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್, ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ.

ಈಗ ಕಟ್ಟುವ ಕೆಲಸ, ನನಗೆ ತುಂಬಾ ಇಷ್ಟವಾದದ್ದು. ಶರ್ಟನ್ನು ಸೋಪು ನೀರಲ್ಲಿ ಒಗೆದು, ಒದ್ದೆ ಇರುವಾಗಲೇ ಸೀರೆ ನೆರಿಗೆ ಹಿಡಿದ ಹಾಗೆ ಅಗಲವನ್ನೆಲ್ಲ ಮಡಿಸಿ, ಕುತ್ತಿಗೆಯಿಂದ ಅಂಚಿನವರೆಗೆ ಒಂದು ಉದ್ದ ಹಗ್ಗದಂತೆ ಮಾಡಿ. ಐದು ಕಡೆ ದಾರ ಬಿಗಿಯಾಗಿ ಸುತ್ತಿ ಕಟ್ಟಿದರೆ ಆರು ಭಾಗ. ಮೇಲಿನಿಂದ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬಾವುಟದಲ್ಲಿ ಇರುವ ಕ್ರಮದಲ್ಲೇ. ಆಮೇಲೆ ಎರಡೂ ತುದಿ ಸೇರಿಸಿ ಕಟ್ಟಿ, ಸಿಂಬಿಯ ಹಾಗೆ ದುಂಡಗಾಗಲಿ. ನೇರಳೆ ಪಕ್ಕಕ್ಕೆ ಮತ್ತೆ ಕೆಂಪು ಬಂತು, ಅಲ್ವಾ? ಗುಟ್ಟು ಇಲ್ಲೇ ಇದೆ. ಪ್ರತಿ ಪಾತ್ರೆಯಲ್ಲೂ ಅರ್ಧ ಸಿಂಬಿ ಮುಳುಗಿದರೆ ಸಾಕು, ಬಣ್ಣದ ಮೇಲೆ ಬಣ್ಣ ಬಿದ್ದು ಆರೂ ತಾವಾಗಿ ಬರುತ್ತವೆ.

ಬಣ್ಣಕ್ಕೊಂದು ದೊಡ್ಡ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅವುಗಳಲ್ಲಿ ಮುಂದೆಂದೂ ಅಡುಗೆ ಮಾಡಬೇಡಿ. ಕಿಟಕಿ ತೆರೆದಿಡಿ, ಕೈಗೆ ಗ್ಲೌಸ್ ಇರಲಿ, ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೀರು ಕುದಿಸಿ ಬಣ್ಣ ಹಾಕಿ, ಒಂದು ಚಮಚ ವಿನೆಗರ್ ಬೆರೆಸಿ. ಉಪ್ಪು, ಸೋಡಾ ಬೇಡ, ಅವು ಹತ್ತಿಗೆ. ಪಾತ್ರೆ ಮೇಲೆ ಲಟ್ಟಣಿಗೆ ಅಡ್ಡ ಇಟ್ಟು ಸಿಂಬಿಯನ್ನು ದಾರದಿಂದ ನೇತುಹಾಕಿ, ಸಣ್ಣಗೆ ಕುದಿಯುತ್ತಿರಲಿ.

ಮೊದಲು ಹಳದಿ. ಕಿತ್ತಳೆ, ಹಳದಿ, ಹಸಿರಿನ ಭಾಗಗಳು ಅರ್ಧ ಗಂಟೆ ಮುಳುಗಿರಲಿ. ತೆಗೆದು, ಸ್ವಲ್ಪ ತಣ್ಣಗಾದ ಮೇಲೆ ಜಾಲಿಸಿ ಹಿಂಡಿ. ಆಮೇಲೆ ಕೆಂಪು: ನೇರಳೆ, ಕೆಂಪು, ಕಿತ್ತಳೆಯ ಭಾಗಗಳನ್ನು 10 ನಿಮಿಷ ಮುಳುಗಿಸಿ, ನಂತರ ದಾರ ಮೇಲೆಳೆದು ಕೆಂಪೊಂದೇ ಇನ್ನೂ 20 ನಿಮಿಷ ನೀರಲ್ಲಿರುವಂತೆ ಮಾಡಿ. ಹೀಗೆ ಎತ್ತದೆ ಬಿಟ್ಟರೆ ಕಿತ್ತಳೆ ಹೋಗಿ ಅದೂ ಕೆಂಪೇ ಆಗುತ್ತದೆ. ನೀಲಿಗೂ ಇದೇ ಲೆಕ್ಕ: ಹಸಿರು, ನೀಲಿ, ನೇರಳೆ ಒಟ್ಟಿಗೆ, ಆಮೇಲೆ ನೀಲಿ ಮಾತ್ರ. ನಮ್ಮ ನೇರಳೆ ತೆಳುವಾಗಿತ್ತು, ಆ ಬದಿಗೆ ವಾಲಿಸಿ ಇನ್ನೈದು ನಿಮಿಷ ಇಟ್ಟ ಮೇಲೆ ಸರಿಹೋಯಿತು.

ಕಾಯುವಾಗ ಹುಡುಗಿಗೆ ಬಾವುಟದ ಕಥೆ ಹೇಳಿದೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಲಾವಿದ ಗಿಲ್ಬರ್ಟ್ ಬೇಕರ್ ಮತ್ತು ಗೆಳೆಯರು ಮೊದಲ ಬಾವುಟದ ಹತ್ತಿ ಬಟ್ಟೆಗೆ ಕೈಯಾರೆ ಬಣ್ಣ ಹಾಕಿದ್ದರು. ಆಗ ಎಂಟು ಬಣ್ಣ. ಜಾಸ್ತಿ ಬಾವುಟ ಬೇಕಾದಾಗ ಗುಲಾಬಿ ಬಟ್ಟೆ ಸಿಗದೆ ಅದನ್ನು ಬಿಟ್ಟರು, ಆಮೇಲೆ ಇನ್ನೊಂದೂ ಹೋಗಿ ಆರಕ್ಕೆ ನಿಂತಿತು. "ಅಂದ್ರೆ ಅವರೂ ಹೀಗೇ ಪಾತ್ರೆ ಮುಂದೆ ನಿಂತಿದ್ರಾ?" ಎಂದು ಕೇಳಿದಳು. ಹೌದು, ಬಣ್ಣದ ಪಾತ್ರೆ ಮುಂದೆಯೇ.

ಪೂರ್ತಿ ತಣ್ಣಗಾದ ಮೇಲೆ ಗಂಟು ಬಿಚ್ಚಿ. ಬಿಸಿನೀರು, ಡಿಟರ್ಜೆಂಟ್ ಹಾಕಿ ನೀರು ತಿಳಿಯಾಗುವವರೆಗೆ ಒಗೆಯಿರಿ. ಇದನ್ನು ಅವಸರ ಮಾಡಬೇಡಿ, ಕೆಲವು ಡಿಸ್ಪರ್ಸ್ ಬಣ್ಣಗಳು, ಅದರಲ್ಲೂ ಕೆಲವು ನೀಲಿಗಳು, ಸೂಕ್ಷ್ಮ ಚರ್ಮದವರಿಗೆ ತುರಿಕೆ ತರುತ್ತವೆ. ಕುದಿಯುವಾಗ ಕಟ್ಟಿದ್ದರಿಂದ ನೆರಿಗೆಯ ಗೆರೆ ಉಳಿಯುತ್ತದೆ. ಒದ್ದೆ ಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಬಹಳಷ್ಟು ಹೋಗುತ್ತದೆ.

ಅದೇ ನೀರಿಗೆ ಎರಡನೇ ಶರ್ಟ್ ಹಾಕಿದರೆ ಬಣ್ಣ ತಿಳಿಯಾಗಿ ಬರುತ್ತದೆ, ಮೊದಲ ಶರ್ಟು ಆಗಲೇ ಬಣ್ಣ ಎಳೆದುಕೊಂಡಿರುತ್ತದೆ. ತಮ್ಮನ ಶರ್ಟಿಗೆ ನಾವು ಬೇಕೆಂದೇ ಹಾಗೆ ಮಾಡಿದೆವು. ಅವನಿಗೆ ಮೊದಲಿಂದಲೂ ತಿಳಿ ಬಣ್ಣವೇ ಇಷ್ಟ.