ನಿಮ್ಮ ಬ್ರೌಸರ್‌ನಲ್ಲಿ ಚೆನ್ನಾಗಿ ಕಂಡರೆ ಸಾಲದು: ವೆಬ್ ಸ್ಟ್ಯಾಂಡರ್ಡ್ಸ್ ಹಿಡಿದು ಸೈಟ್ ಕಟ್ಟುವುದು ಹೇಗೆ

ನಿಮ್ಮ ಕ್ರೋಮ್‌ನಲ್ಲಿ ಸೈಟ್ ಸರಿಯಾಗಿ ಕಾಣುತ್ತಿದೆ. ಒಳ್ಳೆಯದು. ಆದರೆ ಐಫೋನಿನ ಸಫಾರಿ, ಫೈರ್‌ಫಾಕ್ಸ್, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್, ಸರ್ಚ್ ಎಂಜಿನ್‌ಗಳ ಬಾಟ್, ಇವೆಲ್ಲದರಲ್ಲೂ ಕೂತು ಪ್ರತಿ ಪುಟ ನೋಡೋಕೆ ಯಾರಿಗೆ ಪುರುಸೊತ್ತಿದೆ? ಇವೆಲ್ಲ ನಡೆಯೋದು ಒಂದೇ ನಿಯಮಾವಳಿಯ ಮೇಲೆ, ಅದೇ ವೆಬ್ ಸ್ಟ್ಯಾಂಡರ್ಡ್ಸ್. ನೀವೂ ಅದನ್ನೇ ಹಿಡಿದು ಬರೆದರೆ, ನೀವು ಕಣ್ಣಲ್ಲೇ ನೋಡಿರದ ಬ್ರೌಸರ್‌ನಲ್ಲೂ ಪುಟ ಹೆಚ್ಚುಕಮ್ಮಿ ಸರಿಯಾಗಿ ನಡೆಯುತ್ತದೆ.

ಯಾರು ಬರೆಯುತ್ತಾರೆ ಈ ನಿಯಮ? ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಶುರು ಮಾಡಿದ ಡಬ್ಲ್ಯೂ3ಸಿ ಸಂಸ್ಥೆ, ಪುಟದ ಅಂದಚಂದ ಹೇಳುವ ಸಿಎಸ್ಎಸ್ ಅನ್ನು ನೋಡಿಕೊಳ್ಳುತ್ತದೆ. ಪುಟದ ರಚನೆ ಹೇಳುವ ಎಚ್‌ಟಿಎಂಎಲ್ ಮಾತ್ರ 2019ರ ಒಪ್ಪಂದದ ನಂತರ ಬ್ರೌಸರ್ ಕಂಪನಿಗಳ ವಾಟ್‌ವಿಜಿ ಗುಂಪಿನ ಕೈಯಲ್ಲಿದೆ. ಆವೃತ್ತಿ ಸಂಖ್ಯೆ ಬಿಟ್ಟು, ಸದಾ ತಿದ್ದುತ್ತಲೇ ಇರುವ ಒಂದೇ ದಾಖಲೆ ಅದು. ಇದನ್ನೆಲ್ಲ ಕಡೆಗಣಿಸಿದರೆ ಏನಾಗುತ್ತದೆ ಅನ್ನೋದಕ್ಕೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಸಾಕು. ಅದೊಂದಕ್ಕೇ ಅಂತ ಬರೆದ ಕಚೇರಿ ಸಾಫ್ಟ್‌ವೇರ್‌ಗಳು ಬೇರೆ ಬ್ರೌಸರ್‌ನಲ್ಲಿ ತೆರೆಯದೆ, ಎಷ್ಟೋ ಕಂಪನಿಗಳು ವರ್ಷಗಟ್ಟಲೆ ಆ ಹಳೇ ಬ್ರೌಸರ್‌ಗೇ ಕಟ್ಟುಬಿದ್ದವು.

ಸರಿ, ಕೆಲಸಕ್ಕೆ ಬರೋಣ. ಮೊದಲ ಸಾಲು ಡಾಕ್‌ಟೈಪ್, ಅಂದರೆ ಇದು ನಿಯಮದಂತೆ ಬರೆದ ಪುಟ ಅಂತ ಬ್ರೌಸರ್‌ಗೆ ಹೇಳುವ <!DOCTYPE html>. ಇದನ್ನು ಬಿಟ್ಟರೆ ಬ್ರೌಸರ್ ಕ್ವರ್ಕ್ಸ್ ಮೋಡ್‌ಗೆ ಇಳಿಯುತ್ತದೆ, ಅಂದರೆ ತೊಂಬತ್ತರ ದಶಕದ ಬ್ರೌಸರ್‌ಗಳ ಚಾಳಿಗಳನ್ನು ಬೇಕಂತಲೇ ನಕಲು ಮಾಡುತ್ತದೆ. ಉದಾಹರಣೆಗೆ, ಬಾಡಿ ಟ್ಯಾಗ್‌ಗೆ ಕೊಟ್ಟ ಅಕ್ಷರದ ಗಾತ್ರ ಟೇಬಲ್ ಒಳಗೆ ಹೋಗುವುದೇ ಇಲ್ಲ. ಗಂಟೆಗಟ್ಟಲೆ ಸಿಎಸ್ಎಸ್ ಬೈದುಕೊಂಡು ಕೂತವರು ಕೊನೆಗೆ ನೋಡಿದರೆ ತಪ್ಪು ಇರುವುದು ಮೊದಲ ಸಾಲಿನಲ್ಲಿ! ಅನುಮಾನ ಇದ್ದರೆ ಬ್ರೌಸರ್‌ನ ಡೆವಲಪರ್ ಕನ್ಸೋಲ್‌ನಲ್ಲಿ document.compatMode ಅಂತ ಟೈಪ್ ಮಾಡಿ ನೋಡಿ. ಬ್ಯಾಕ್‌ಕಂಪ್ಯಾಟ್ (BackCompat) ಅಂತ ಉತ್ತರ ಬಂದರೆ ನೀವು ಕ್ವರ್ಕ್ಸ್‌ನಲ್ಲಿದ್ದೀರಿ.

ಪುಟದ ಹೆಡ್ ಭಾಗದ ಒಳಗೆ ಮೊದಲಿಗೇ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ಹಾಕಿ, ಕನ್ನಡ ಸೇರಿ ಎಲ್ಲ ಲಿಪಿಯ ಅಕ್ಷರ ಸರಿಯಾಗಿ ಕಾಣೋಕೆ ಅದು ಬೇಕು. ಫೈಲಿನ ಮೊದಲ 1024 ಬೈಟ್‌ಗಳ ಒಳಗೆ ಅದು ಇರಲೇಬೇಕು ಅಂತ ನಿಯಮವಿದೆ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಪುಟದ ಭಾಷೆ ಯಾವುದು ಅಂತಲೂ ಹೇಳಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬೇರೆ ಭಾಷೆಯ ಉಚ್ಚಾರದಲ್ಲಿ ಓದೋಕೆ ಹೋಗಿ ಕೇಳುವವರಿಗೆ ಒಂದಕ್ಷರವೂ ಅರ್ಥವಾಗದೆ ಇರಬಹುದು. ಪುಟವನ್ನು ಮೊಬೈಲ್ ಪರದೆಗೆ ಹೊಂದಿಸುವ ವ್ಯೂಪೋರ್ಟ್ ಸಾಲು ಬರೆಯುವಾಗ ಜೂಮ್ ಬಂದ್ ಮಾಡಬೇಡಿ. ಕಣ್ಣು ಮಂಜಾದವರಿಗೆ ಇರುವ ದಾರಿಯೇ ಅದು.

ಇನ್ನು ನನಗೆ ಅತಿ ಜಾಸ್ತಿ ಕಿರಿಕಿರಿ ಮಾಡುವ ವಿಷಯ: ಡಿವ್‌ನಿಂದ, ಅಂದರೆ ತನ್ನದೇ ಅರ್ಥವಿಲ್ಲದ ಬರೀ ಡಬ್ಬಿಯಂಥ ಟ್ಯಾಗ್‌ನಿಂದ, ಮಾಡಿದ ಬಟನ್. ಡಿವ್‌ಗೆ ಬಣ್ಣ ಹಚ್ಚಿ, ಮೂಲೆ ದುಂಡಗೆ ಮಾಡಿ, ಆನ್‌ಕ್ಲಿಕ್ ಹಾಕಿದರೆ ನೋಡೋಕೆ ಬಟನ್ನೇ. ಈಗ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಫೋಕಸ್, ಅಂದರೆ ಕೀಬೋರ್ಡ್ ಈಗ ಯಾವುದರ ಮೇಲಿದೆ ಅನ್ನೋ ಗುರುತು, ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಟ್ಟರೆ ಫೋಕಸ್ ಬರುತ್ತದೆ, ಆದರೆ ಎಂಟರ್ ಒತ್ತಿದರೆ ಏನೂ ಆಗಲ್ಲ. ಅದಕ್ಕೊಂದಿಷ್ಟು ಜಾವಾಸ್ಕ್ರಿಪ್ಟ್. ಸ್ಪೇಸ್ ಒತ್ತಿದರೆ ಪುಟವೇ ಕೆಳಗೆ ಜಾರುತ್ತದೆ, ಅದನ್ನು ತಡೆಯೋಕೆ ಇನ್ನೊಂದು ಸಾಲು. ಇದು ಬಟನ್ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸೋಕೆ ರೋಲ್ ಬೇರೆ. ಬಟನ್ ಟ್ಯಾಗನ್ನೇ ಬರೆದಿದ್ದರೆ ಇಷ್ಟೂ ಪುಕ್ಕಟೆ ಸಿಗುತ್ತಿತ್ತು, ಅಲ್ವಾ? ಒಂದೇ ಎಚ್ಚರ: ಫಾರ್ಮ್ ಒಳಗಿರುವ ಬಟನ್‌ಗೆ ಟೈಪ್ ಹೇಳದಿದ್ದರೆ ಅದು ಫಾರ್ಮ್ ಕಳುಹಿಸುವ ಸಬ್ಮಿಟ್ ಬಟನ್ ಆಗಿಬಿಡುತ್ತದೆ.

ಫಾರ್ಮ್‌ಗಳಲ್ಲೂ ಇದೇ ಕಥೆ. ಪ್ರತಿ ಇನ್‌ಪುಟ್‌ಗೂ ಲೇಬಲ್ ಜೋಡಿಸಿ, ಖಾಲಿ ಬಾಕ್ಸ್‌ನೊಳಗೆ ಸುಳಿವಾಗಿ ಕಾಣುವ ಪ್ಲೇಸ್‌ಹೋಲ್ಡರ್ ಒಂದನ್ನೇ ನಂಬಬೇಡಿ, ಟೈಪ್ ಮಾಡಲು ಶುರು ಮಾಡಿದ ಕೂಡಲೇ ಅದು ಮಾಯ. ಫೋನ್ ನಂಬರ್‌ಗೆ ಟೆಲ್, ಇಮೇಲ್‌ಗೆ ಇಮೇಲ್ ಟೈಪ್ ಕೊಟ್ಟರೆ ಮೊಬೈಲ್‌ನಲ್ಲಿ ತಕ್ಕ ಕೀಬೋರ್ಡ್ ತಾನಾಗಿ ಬರುತ್ತದೆ.

ಸಿಎಸ್ಎಸ್‌ನಲ್ಲಿ ಹೊಸ ಸವಲತ್ತು ಬಳಸೋಕೆ ಹೆದರಬೇಕಾಗಿಲ್ಲ. ಗೊತ್ತಿಲ್ಲದ ಸಾಲನ್ನು ಬ್ರೌಸರ್ ಸುಮ್ನೆ ಬಿಟ್ಟು ಮುಂದೆ ಹೋಗಬೇಕು ಅಂತ ನಿಯಮದಲ್ಲೇ ಇದೆ. ಹಾಗಾಗಿ ಮೊದಲು ಎಲ್ಲ ಬ್ರೌಸರ್‌ಗೂ ತಿಳಿಯುವ ಸಾಲು, ಅದರ ಕೆಳಗೆ ಹೊಸದು. ಸಫಾರಿಯಂಥ ಬ್ರೌಸರ್‌ಗಾಗಿ ಸಾಲಿನ ಹೆಸರಿನ ಮುಂದೆ ವೆಬ್‌ಕಿಟ್ ಪ್ರಿಫಿಕ್ಸ್ (-webkit-) ಬರೆದರೆ ಅದರ ಜೊತೆಗೆ ಪ್ರಿಫಿಕ್ಸ್ ಇಲ್ಲದ ಸಾಲೂ ಇರಲಿ. ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಮಾಮೂಲಿ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕು. ತೆಳು ಬೂದು ಅಕ್ಷರದ ಫ್ಯಾಶನ್ ಇಲ್ಲೇ ಬಿದ್ದುಹೋಗುತ್ತದೆ.

ಕೊನೆಗೆ ಡಬ್ಲ್ಯೂ3ಸಿಯ ನಿಯಮ ತಪ್ಪಿದ್ದನ್ನು ಹುಡುಕುವ ಉಚಿತ ವ್ಯಾಲಿಡೇಟರ್‌ಗೆ ಪುಟದ ವಿಳಾಸ ಕೊಡಿ. ಹಳೇ ಸೈಟ್ ಆದರೆ ತಪ್ಪುಗಳ ಪಟ್ಟಿ ನೋಡಿ ಎದೆ ಧಸಕ್ ಅನ್ನಬಹುದು. ಮೇಲಿನಿಂದ ಒಂದೊಂದೇ ಸರಿಮಾಡಿ ಮತ್ತೆ ಓಡಿಸಿ. ಮುಚ್ಚದ ಒಂದು ಟ್ಯಾಗ್‌ನಿಂದಲೇ ಕೆಳಗಿನ ಎಷ್ಟೋ ದೂರು ಹುಟ್ಟಿರುತ್ತವೆ. ಹಾಗಂತ ವ್ಯಾಲಿಡೇಟರ್ ಎಲ್ಲವನ್ನೂ ಹಿಡಿಯಲ್ಲ. ಚಿತ್ರ ಕಾಣದವರಿಗಾಗಿ ಬರೆಯುವ ಆಲ್ಟ್ ವಿವರಣೆಯಲ್ಲಿ ಬರೀ "ಚಿತ್ರ" ಅಂತ ಬರೆದರೂ ಪಾಸ್ ಮಾಡುತ್ತದೆ, ಅದನ್ನು ನೀವೇ ಓದಿ ನೋಡಬೇಕು. ಡಾಕ್‌ಟೈಪ್ ಇಲ್ಲದ ಹಳೇ ಸೈಟಿಗೆ ಅದನ್ನು ಸೇರಿಸುವಾಗ ಮಾತ್ರ ಮೊದಲು ಒಂದು ಕಾಪಿಯಲ್ಲಿ ಮಾಡಿ. ಕ್ವರ್ಕ್ಸ್ ನಂಬಿಕೊಂಡು ನಿಂತಿದ್ದ ಲೇಔಟ್ ಅಲ್ಲಲ್ಲಿ ಕದಲುತ್ತದೆ, ಅದನ್ನು ಸರಿಮಾಡಿದ ಮೇಲೇ ಲೈವ್‌ಗೆ ಹಾಕಿ.