ಆಲೆಮನೆ ಎಂಜಿನ್‌ಗೆ ಗ್ರೀಸ್ ಗನ್ ಮದ್ದು

"ಸಾರ್, ಇದು ಎಂಜಿನ್ ಅಲ್ಲ, ಕಬ್ಬಿಣದ ಗುಂಡು. ತೂಕಕ್ಕೆ ಹಾಕ್ಬಿಡಿ" ಅಂದಿದ್ದರು ಜೆ.ಸಿ. ರಸ್ತೆಯ ಮೇಸ್ತ್ರಿ. ಕಾಮಾಕ್ಷಿಪಾಳ್ಯದ ಲೇತ್‌ನವರೂ ಅದನ್ನೇ ಹೇಳಿದರು. ಈಗ ಅದೇ ಗುಂಡು ಪ್ರತಿ ಭಾನುವಾರ ರಾಜಾಜಿನಗರದ ನಮ್ಮ ಮನೆ ಹಿತ್ತಿಲಲ್ಲಿ ಟುಕ್ ಟುಕ್ ಅನ್ನುತ್ತಿದೆ.

ಎಂಜಿನ್ ಲಿಸ್ಟರ್ 6/1 ಅನ್ನೋ ಇಂಗ್ಲೆಂಡಿನ ಹಳೇ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ನಿನ ರಾಜ್‌ಕೋಟ್ ನಕಲು. ಆರು ಎಚ್‌ಪಿ, 650 ಆರ್‌ಪಿಎಂ. ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಕಬ್ಬು ಅರೆದಿದ್ದು, ಕರೆಂಟ್ ಮೋಟಾರ್ ಬಂದ ಮೇಲೆ ಹತ್ತು ಹದಿನೈದು ವರ್ಷ ಮಳೆಗೆ ನೆನೆದಿತ್ತು. ಗುಜರಿಯವನ ಲೆಕ್ಕದಲ್ಲಿ ಸುಮಾರು 13,000 ಕೊಟ್ಟೆ. ಟೆಂಪೋ, ಇಳಿಸುವ ಹುಡುಗರ ಕೂಲಿ ಎಲ್ಲ ಸೇರಿ ಇನ್ನೊಂದು ಆರು ಸಾವಿರ. ಎಂಜಿನ್‌ಗಿಂತ ಅದನ್ನು ಇಳಿಸುವಾಗ ಒಡೆದ ಕಾಂಪೌಂಡ್ ಗೋಡೆಯ ಬಗ್ಗೆಯೇ ಮನೆಯಲ್ಲಿ ಜಾಸ್ತಿ ಮಾತಾಯಿತು.

ಪಿಸ್ಟನ್ ಅರ್ಧ ದಾರಿಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಮೊದಲು ಸೀಮೆಎಣ್ಣೆ, ಡೀಸೆಲ್ ತುಂಬಿ ಹದಿನೈದು ದಿನ ಬಿಟ್ಟೆ. ಏನೂ ಆಗಲಿಲ್ಲ. ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚಿ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಬಡಿದೆ. ಮರ ಸೀಳಿತು, ಪಿಸ್ಟನ್ ಕದಲಲಿಲ್ಲ. ಪಕ್ಕದ ಭಾರದ ಚಕ್ರ, ಅಂದರೆ ಫ್ಲೈವೀಲ್‌ಗೆ ಉದ್ದನೆ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದೆವು. ಪೈಪ್ ಬಾಗಿತು. ಬ್ಲೋಟಾರ್ಚ್ ಹಿಡಿದದ್ದಂತೂ ಶುದ್ಧ ದಡ್ಡತನ, ಬಣ್ಣ ಸುಟ್ಟಿದ್ದಷ್ಟೇ ಲಾಭ. ಇಷ್ಟರಲ್ಲಿ ಎಂಟು ಒಂಬತ್ತು ಸಾವಿರ ನೀರಲ್ಲಿ ಹೋಮ.

ಗ್ರೀಸ್ ಗನ್ ಹೊಳೆದದ್ದು ಟ್ರ್ಯಾಕ್ಟರ್‌ಗೆ ಗ್ರೀಸ್ ಹೊಡೆಯುವಾಗ. ಈ ಕೈಪಂಪಿನಲ್ಲಿ ಮುಚ್ಚಿದ ಸಿಲಿಂಡರ್ ಒಳಗೆ ಗ್ರೀಸ್ ತುರುಕಿ ಪಿಸ್ಟನ್ನನ್ನು ತಳ್ಳಿದರೆ? ನಾಲ್ಕೂವರೆ ಇಂಚು ಬೋರ್ (ಸಿಲಿಂಡರ್ ಒಳಗಿನ ಅಗಲ) ಅಂದರೆ ಪಿಸ್ಟನ್ ತಲೆ ನೂರು ಚದರ ಸೆಂಟಿಮೀಟರ್ ಚಿಲ್ಲರೆ. ಕೈಗನ್ ಚದರ ಸೆಂಟಿಮೀಟರಿಗೆ 150 ಕೆಜಿ ಒತ್ತಡ ಕೊಟ್ಟರೂ ಹದಿನೈದು ಟನ್. ತುಂಬಿದ ವಾಟರ್ ಟ್ಯಾಂಕರ್ ಪಿಸ್ಟನ್ ಮೇಲೆ ನಿಂತ ಹಾಗೆ, ಅದೂ ಎಲ್ಲ ಕಡೆ ಸಮನಾಗಿ. ಯಾವ ಸುತ್ತಿಗೆ ಇದನ್ನು ಕೊಡುತ್ತದೆ ಹೇಳಿ?

ಡೀಸೆಲ್ ಚಿಮ್ಮಿಸುವ ನಾಝಲ್ ಜಾಗಕ್ಕೆ ಕೂರುವ ಹಾಗೆ ಲೇತ್‌ನಲ್ಲಿ ಒಂದು ಅಡಾಪ್ಟರ್ ಮಾಡಿಸಿದೆ, ತುದಿಗೆ ಗನ್ ಕಚ್ಚಿಸುವ ಗ್ರೀಸ್ ನಿಪ್ಪಲ್. ಅಳತೆ ಕೇಳಬೇಡಿ, ಅದಕ್ಕೆ ಮೂರು ಸಲ ದುಡ್ಡು ಕೊಟ್ಟಿದ್ದೇನೆ. ವಾಲ್ವ್ ತೆರೆಸುವ ಪುಶ್‌ರಾಡ್ ತೆಗೆದರೆ ಎರಡೂ ವಾಲ್ವ್ ಮುಚ್ಚಿಕೊಳ್ಳುತ್ತವೆ ಅಂದುಕೊಂಡಿದ್ದೆ. ಎಕ್ಸಾಸ್ಟ್ ವಾಲ್ವ್ ಮುಚ್ಚಿರಲಿಲ್ಲ. ಎರಡು ಕೆಜಿ ಗ್ರೀಸ್ ಸೈಲೆನ್ಸರ್ ಕಡೆಯಿಂದ ಶಾವಿಗೆ ಥರ ಬಂತು! ಮತ್ತೆ ಹೆಡ್ ಬಿಚ್ಚಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ, ತಾಮ್ರದ ಗ್ಯಾಸ್ಕೆಟ್ ಹಾಕಿದೆ. ಈ ಸಲ ಮೇಲಿನ ಖಾಲಿ ಜಾಗಕ್ಕೆಲ್ಲ ಮೊದಲೇ ಎಣ್ಣೆ ತುಂಬಿದೆ, ಗಾಳಿ ಉಳಿಯಬಾರದು. ಅದಕ್ಕೂ ಮೊದಲು ಒಂದು ವಾರ ನನ್ನದೇ ಒಂದು ಮಿಶ್ರಣದಲ್ಲಿ ನೆನೆಸಿದ್ದೆ. ಅದರಲ್ಲಿ ಗೇರ್‌ಬಾಕ್ಸ್ ಆಯಿಲ್ ಇತ್ತು ಅಂತಷ್ಟೇ ಹೇಳಬಲ್ಲೆ.

ದಿನಕ್ಕೆ ಇಪ್ಪತ್ತು ಮೂವತ್ತು ಪಂಪ್. ಗನ್ ಗಟ್ಟಿಯಾದ ಕೂಡಲೇ ನಿಲ್ಲಿಸಿ ರಾತ್ರಿಯಿಡೀ ಹಾಗೇ ಬಿಡುವುದು. ನಾಲ್ಕನೇ ರಾತ್ರಿ ಊಟ ಮಾಡುತ್ತಿದ್ದಾಗ ಹಿತ್ತಿಲಲ್ಲಿ 'ಟಕ್' ಅಂತು. ಹೋಗಿ ನೋಡಿದರೆ ಫ್ಲೈವೀಲ್ ಮೇಲೆ ಹಾಕಿದ್ದ ಚಾಕ್‌ಪೀಸ್ ಗೆರೆ ಒಂದು ಬೆರಳಷ್ಟು ಸರಿದಿತ್ತು. ಕೈ ತೊಳೆದುಕೊಳ್ಳದೇ ಪಂಪ್ ಹೊಡೆದೆ. ಬೋರ್‌ನಲ್ಲಿ ಗೀರು ಕಮ್ಮಿ, ಹೋನಿಂಗ್, ಅಂದರೆ ಒಳಗೋಡೆ ಉಜ್ಜಿ ನಯ ಮಾಡಿದ್ದೇ ಸಾಕಾಯಿತು. ರಿಂಗ್ ಸೆಟ್, ಬುಶ್, ನಾಝಲ್ ಸರ್ವೀಸ್ ಸೇರಿ ಒಟ್ಟು ಖರ್ಚು ನಲವತ್ತು ಸಾವಿರ ದಾಟಿರಬೇಕು.

ಹಡಗಿನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗ ರಜೆಗೆ ಬಂದಾಗ ನೋಡಿ ನಕ್ಕ. ಎಮ್ಮಾ ಮೇರ್ಸ್ಕ್ ಅನ್ನೋ ದೈತ್ಯ ಕಂಟೇನರ್ ಹಡಗಿನ ವಾರ್ಟ್ಸಿಲಾ ಕಂಪನಿ ಎಂಜಿನ್ ಫೋಟೋ ತೋರಿಸಿದ. 14 ಸಿಲಿಂಡರ್, ಒಂದು ಲಕ್ಷಕ್ಕೂ ಮೇಲೆ ಎಚ್‌ಪಿ, ಬೋರ್ 96 ಸೆಂಟಿಮೀಟರ್. "ಮಾಮ, ಅದರೊಳಗೆ ಮನುಷ್ಯ ಇಳಿದು ಕೆಲಸ ಮಾಡ್ತಾನೆ. ತಿರುಗೋದು ಮಾತ್ರ ನಿಮಿಷಕ್ಕೆ ನೂರೆರಡೇ ಸಲ." ಎರಡು ದಿನ ನಿದ್ದೆ ಬರಲಿಲ್ಲ. ನನ್ನದನ್ನೂ ಆದಷ್ಟು ನಿಧಾನಕ್ಕೆ ಓಡಿಸಿ ನೋಡಿದೆ. ವೇಗ ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಸಡಿಲಿಸಿದರೆ ಸದ್ದನ್ನು ಒಂದೊಂದಾಗಿ ಎಣಿಸಬಹುದು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನನ್ನು ಕಡ್ಲೆಕಾಯಿ ಎಣ್ಣೆಯಲ್ಲಿ ಓಡಿಸಿದ್ದರಂತಲ್ಲ, ಬಸವನಗುಡಿ ಕಡ್ಲೆಕಾಯಿ ಪರಿಷೆ ಇರುವ ಊರಲ್ಲಿ ನಾವು ಸುಮ್ನೆ ಇರೋಕಾಗುತ್ತಾ? ಡೀಸೆಲ್‌ನಲ್ಲಿ ಬಿಸಿ ಮಾಡಿ ಆಮೇಲೆ ಎಣ್ಣೆಗೆ ತಿರುಗಿಸಿದೆ. ಚೆನ್ನಾಗೇ ಓಡಿತು. ಪಕ್ಕದ ಮನೆಯವರು "ಬೋಂಡ ಹಾಕಿದ್ರಾ?" ಅಂತ ಕೇಳಿದರು. ಆದರೆ ಲೀಟರಿಗೆ ಇನ್ನೂರು ರೂಪಾಯಿ ಆಸುಪಾಸು, ಹೊಟ್ಟೆ ಉರಿಯುತ್ತೆ. ಹೊಂಗೆ ಎಣ್ಣೆ ಅಗ್ಗ, ಆದರೆ ನಿಲ್ಲಿಸುವ ಮುಂಚೆ ಡೀಸೆಲ್‌ಗೆ ತಿರುಗಿಸಲು ಮರೆತೆ. ಮಾರನೇ ದಿನ ನಾಝಲ್ ಅಂಟಿಕೊಂಡು ಆರು ನೂರು ದಂಡ.

ಹೋದ ತಿಂಗಳು ಜೆ.ಸಿ. ರಸ್ತೆ ಮೇಸ್ತ್ರಿ ಬಂದಿದ್ದರು. ಹ್ಯಾಂಡಲ್ ತಾವೇ ತಿರುಗಿಸಿ ಸ್ಟಾರ್ಟ್ ಮಾಡಿ, ಐದು ನಿಮಿಷ ಮಾತಾಡದೇ ನಿಂತರು. ಆಮೇಲೆ ಮೆಲ್ಲಗೆ, "ಆ ಮಿಶ್ರಣದಲ್ಲಿ ಏನೇನು ಹಾಕಿದ್ರಿ ಸಾರ್?" ಅಂದರು. ಕಾಫಿ ಕೊಟ್ಟೆ.