ವೆಂಟ್‌ವರ್ತ್‌ವಿಲ್ ಸುತ್ತಮುತ್ತ ಹೊಸದಾಗಿ ಬಂದವರಿಗೆ: ಮನೆ, ಅಡುಗೆಮನೆ, ಶಾಲೆ, ಕಾರು

ಸಿಡ್ನಿಯ ಪಶ್ಚಿಮದ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್, ವೆಸ್ಟ್‌ಮೀಡ್, ಟೂಂಗಾಬಿ ಕಡೆ ಬಂದಿಳಿದವರು ಸಂಘಕ್ಕೆ ಕೇಳುವ ಮೊದಲ ಪ್ರಶ್ನೆ ಶಾಲೆಯದು. ಆದರೆ ಸರ್ಕಾರಿ ಶಾಲೆಗೆ ವಿಳಾಸ ಬೇಕು, ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಹಾಗಾಗಿ ಮನೆಯಿಂದಲೇ ಶುರು. ಗೊತ್ತಿಲ್ಲದೆ ಕೈಬಿಡುವ ದುಡ್ಡೂ ಹೆಚ್ಚಾಗಿ ಅಲ್ಲೇ.

ಬಾಡಿಗೆ ಇಲ್ಲಿ ವಾರದ ಲೆಕ್ಕ. ತಿಂಗಳಿಗೆ ನಾಲ್ಕೇ ವಾರ ಅಂತ ಗುಣಿಸಬೇಡಿ. ವಾರದ ಬಾಡಿಗೆಯನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿ: 600 ಡಾಲರಿನ ಮನೆ ತಿಂಗಳಿಗೆ 2,400 ಅಲ್ಲ, 2,600. ಬಾಂಡ್ ಅಂದರೆ ನಮ್ಮ ಅಡ್ವಾನ್ಸ್. ನ್ಯೂ ಸೌತ್ ವೇಲ್ಸ್ ಕಾನೂನಿನಲ್ಲಿ ಅದು ನಾಲ್ಕು ವಾರದ ಬಾಡಿಗೆ ಮೀರುವಂತಿಲ್ಲ. ಮುಂಗಡ ಬಾಡಿಗೆ ಎರಡು ವಾರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ನೆಮ್ಮದಿಯೇ. ಈ ಹಣ ಮಾಲೀಕರ ಜೇಬಿಗೆ ಹೋಗುವುದಿಲ್ಲ, ಸರ್ಕಾರದ ಬಳಿ ಇರುತ್ತದೆ. ಏಜೆಂಟ್ 'ರೆಂಟಲ್ ಬಾಂಡ್ಸ್ ಆನ್‌ಲೈನ್' ಮೂಲಕ ಇಮೇಲ್ ಕಳಿಸುತ್ತಾರೆ, ನೀವೇ ನೇರ ಕಟ್ಟಿ. ಮನೆ ತೋರಿಸದೆ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದು ಹೇಳಿ ವಾಟ್ಸಾಪ್‌ನಲ್ಲೇ ಬಾಂಡ್ ಕೇಳಿದರೆ ಅದು ಮೋಸ, ಎರಡನೇ ಮಾತಿಲ್ಲ.

ಬೀಗದ ಕೈ ಜೊತೆಗೆ ಬರುವ 'ಕಂಡಿಷನ್ ರಿಪೋರ್ಟ್' ಎಂಬ ಹಲವು ಪುಟದ ಕಾಗದವನ್ನು ಸಾಮಾನಿನ ರಾಶಿಯೊಳಗೆ ಮರೆತುಬಿಡುವುದು ಹೊಸಬರ ಅತಿ ದುಬಾರಿ ತಪ್ಪು. ಪ್ರತಿ ಕೋಣೆಯ ಗೋಡೆ, ಕಾರ್ಪೆಟ್, ಬ್ಲೈಂಡ್ ಹೇಗಿದೆ ಅಂತ ಏಜೆಂಟ್ ತಮ್ಮ ಕಾಲಂನಲ್ಲಿ ಬರೆದಿರುತ್ತಾರೆ. ನಿಮ್ಮ ಕಾಲಂ ತುಂಬಿ, ಒಂದು ಪ್ರತಿ ಇಟ್ಟುಕೊಂಡು, ಏಳು ದಿನದೊಳಗೆ ಹಿಂತಿರುಗಿಸಬೇಕು. ಮಂಚ, ಸೋಫಾ ಬರುವ ಮೊದಲೇ ಮಾಡಿ. ಓವನ್ ಒಳಗೆ, ಒಲೆ ಮೇಲೆ ಹೊಗೆ ಎಳೆಯುವ ರೇಂಜ್‌ಹುಡ್‌ನ ಜಾಲರಿ, ಸಿಂಕಿನ ಕೆಳಗಿನ ಬೀರು, ಕಾರ್ಪೆಟ್ಟಿನ ಮೂಲೆ, ಶವರ್ ಅಂಚಿನ ಸಿಲಿಕೋನ್: ಈ ಐದು ಜಾಗ ಬಿಡಬೇಡಿ. 'ಸ್ವಚ್ಛ' ಎಂದು ಬರೆದ ಕಡೆ ಜಿಡ್ಡಿದ್ದರೆ 'ಜಿಡ್ಡಿದೆ' ಎಂದೇ ಬರೆದು ಫೋಟೋ ಸೇರಿಸಿ. ಖಾಲಿ ಬಿಟ್ಟರೆ ಅವರು ಬರೆದಿದ್ದಕ್ಕೆ ಒಪ್ಪಿದಂತೆ. ಮನೆ ಬಿಡುವಾಗ ಹಿಂದಿನವರ ಜಿಡ್ಡಿಗೆ ನೀವು ದುಡ್ಡು ತೆರುತ್ತೀರಿ.

ಅಡುಗೆಮನೆ

ಒಗ್ಗರಣೆಗೂ ಹೊಗೆ ಅಲಾರಂಗೂ ಆಗಿಬರುವುದಿಲ್ಲ. ಎಣ್ಣೆ ಕಾಯುವ ಮೊದಲೇ ರೇಂಜ್‌ಹುಡ್ ಹಾಕಿ, ಕಿಟಕಿ ತೆಗೆಯಿರಿ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಹುಡ್‌ಗೆ ಹೊರಗಿನ ಕೊಳವೆಯೇ ಇಲ್ಲ, ಗಾಳಿಯನ್ನು ಸೋಸಿ ಮತ್ತೆ ಮನೆಯೊಳಗೇ ಬಿಡುತ್ತದೆ. ಅಲಾರಂ ಕೂಗಿದಾಗ ಬಾಲ್ಕನಿ ಬಾಗಿಲು ತೆಗೆಯಿರಿ. ಮುಂಬಾಗಿಲು ಮಾತ್ರ ಬೇಡ. ಒಳಗಿನ ಅಲಾರಂ ಸಾಮಾನ್ಯವಾಗಿ ನಿಮ್ಮ ಮನೆಗಷ್ಟೇ ಕೇಳುತ್ತದೆ. ಕಾರಿಡಾರಿನ ಸೆನ್ಸರ್‌ಗೆ ಹೊಗೆ ಮುಟ್ಟಿದರೆ ಎಷ್ಟೋ ಕಟ್ಟಡಗಳಲ್ಲಿ ಅಗ್ನಿಶಾಮಕ ದಳಕ್ಕೆ ತಾನಾಗಿಯೇ ಕರೆ ಹೋಗುತ್ತದೆ. ಸುಮ್ಮಸುಮ್ಮನೆ ಬಂದಿದ್ದಕ್ಕೆ ಹಾಕುವ ಶುಲ್ಕ ಸಾವಿರ ಡಾಲರ್ ದಾಟುತ್ತದೆ, ಕಟ್ಟಡದ ಸಂಘ ಅದನ್ನು ನಿಮ್ಮ ತಲೆಗೇ ಕಟ್ಟಬಹುದು. ಮನೆಯಲ್ಲಿ ಹೋಮ ಮಾಡಿಸುವವರು ಇನ್ನೊಮ್ಮೆ ಯೋಚಿಸಿ. ಅಲಾರಂ ಕಳಚುವುದು, ಬಟ್ಟೆ ಕಟ್ಟುವುದು ಕಾನೂನಿಗೆ ವಿರುದ್ಧ.

ತೆಂಗಿನಕಾಯಿಯನ್ನು ಕಲ್ಲಿನ ಕಟ್ಟೆಯ ಅಂಚಿಗೋ ಬಾಲ್ಕನಿ ಟೈಲ್ಸಿಗೋ ಕುಟ್ಟಬೇಡಿ, ಚಕ್ಕೆ ಏಳುತ್ತದೆ. ಕಾಯಿಯನ್ನು ಕೈಯಲ್ಲೇ ಹಿಡಿದು, ಭಾರದ ಕತ್ತಿಯ ಹಿಂಬದಿಯಿಂದ ನಡುಗೆರೆಯುದ್ದಕ್ಕೂ ತಿರುಗಿಸುತ್ತ ಹೊಡೆಯಿರಿ. ಕಟ್ಟೆಗೆ ಅರಿಶಿನ ತಾಗಿದರೆ ಆಗಲೇ ಒರೆಸಿ. ಕುಕ್ಕರನ್ನು ಒಲೆಯಿಂದಿಳಿಸಿ ನೇರ ಇಡದೆ ಮಣೆಯ ಮೇಲಿಡಿ. ಉಳಿದ ಎಣ್ಣೆ, ತುಪ್ಪ ಸಿಂಕಿಗೆ ಸುರಿದರೆ ಚಳಿಗಾಲದಲ್ಲಿ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಹಳೆ ಬಾಟಲಿಗೆ ತುಂಬಿ ಕೆಂಪು ಮುಚ್ಚಳದ ಕಸದ ಡಬ್ಬಿಗೆ ಹಾಕಿ.

ಬಚ್ಚಲಿನಲ್ಲಿ ಬಕೆಟ್ ಸ್ನಾನ ಮಾಡುವವರು ಶವರಿನ ಗಾಜಿನೊಳಗೇ ಮುಗಿಸಿಕೊಳ್ಳಿ. ಹೊರಗೆ ಚೆಲ್ಲಿದ ನೀರು ಮರದ ಬೀರುವನ್ನು ಉಬ್ಬಿಸಿ ಪಕ್ಕದ ಕಾರ್ಪೆಟ್ಟಿಗೆ ಇಳಿಯುತ್ತದೆ. ಕಮೋಡಿಗೆ ಜೆಟ್ ಬೇಕೆಂದರೆ ಏಜೆಂಟರ ಒಪ್ಪಿಗೆ ಪಡೆದು, ಪರವಾನಗಿ ಇರುವ ಪ್ಲಂಬರಿಂದಲೇ ಹಾಕಿಸಿ. ಕೊಳಕು ನೀರು ಕುಡಿಯುವ ನೀರಿನ ಕೊಳವೆಗೆ ಹಿಮ್ಮುಖ ಹರಿಯಬಾರದು ಎಂಬ ಕಾರಣಕ್ಕೆ ಇಲ್ಲಿ ಈ ನಿಯಮ.

ಕಸ: ಕೆಂಪು ಮುಚ್ಚಳ ಸಾಮಾನ್ಯ ಕಸಕ್ಕೆ, ಹಳದಿ ಮರುಬಳಕೆಗೆ, ಹಸಿರು ತೋಟದ ಕಸಕ್ಕೆ. ಕೌನ್ಸಿಲ್ ಅಂದರೆ ನಮ್ಮ ನಗರಸಭೆ. ವೆಂಟ್‌ವರ್ತ್‌ವಿಲ್ ಅರ್ಧ ಕಂಬರ್‌ಲ್ಯಾಂಡ್ ಕೌನ್ಸಿಲ್, ಅರ್ಧ ಪ್ಯಾರಮಟ್ಟ. ಹಾಗಾಗಿ ಎದುರು ಬೀದಿಯವರ ಕಸ ಒಯ್ಯುವ ವಾರ ನಿಮ್ಮದಲ್ಲದೆ ಇರಬಹುದು. ನಿಮ್ಮ ಕೌನ್ಸಿಲ್ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಿ. ಹಳದಿ ಡಬ್ಬಿಗೆ ಹಾಕುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ.

ಶಾಲೆ

ಮಕ್ಕಳನ್ನು ವಯಸ್ಸಿನ ಪ್ರಕಾರ ತರಗತಿಗೆ ಹಾಕುತ್ತಾರೆ. ಜುಲೈ 31ರೊಳಗೆ ಐದು ತುಂಬುವ ಮಗು ಆ ವರ್ಷವೇ ಕಿಂಡರ್‌ಗಾರ್ಟನ್, ಅಂದರೆ ಇಲ್ಲಿನ ಶಾಲೆಯ ಮೊದಲ ವರ್ಷ, ಸೇರಬಹುದು. ಆರು ತುಂಬಿದ ಮೇಲೆ ಶಾಲೆ ಕಡ್ಡಾಯ. ಶಾಲಾ ವರ್ಷ ಜನವರಿ ಕೊನೆಗೋ ಫೆಬ್ರವರಿ ಮೊದಲಿಗೋ ಶುರುವಾಗುವುದರಿಂದ, ಊರಲ್ಲಿ ಮಾರ್ಚ್‌ಗೆ ಮೂರನೇ ಕ್ಲಾಸ್ ಮುಗಿಸಿ ಬಂದ ಮಗು ಇಲ್ಲಿ ಮತ್ತೆ ಮೂರರಲ್ಲೇ ಕೂರಬಹುದು. ಹಿಂದೆ ಹಾಕಿದರು ಅಂತ ಜಗಳಕ್ಕೆ ನಿಲ್ಲಬೇಡಿ. ಪ್ರದೇಶದ ಶಾಲೆ ಸಿಗಲು ವಾಸದ ದಾಖಲೆ ಒಪ್ಪಿಸಬೇಕು, ಬಾಡಿಗೆ ಕರಾರು ಅದರಲ್ಲಿ ಮುಖ್ಯ. ತಾತ್ಕಾಲಿಕ ವೀಸಾದವರಲ್ಲಿ ಕೆಲವರು ಶುಲ್ಕ ಕಟ್ಟಬೇಕು. ನಿಮ್ಮ ವೀಸಾದ ವರ್ಗ ಸಂಖ್ಯೆಗೆ ಏನಿದೆ ಎಂದು ಮನೆ ಹುಡುಕುವ ಮೊದಲೇ ನೋಡಿಕೊಳ್ಳಿ.

ಲಸಿಕೆ ಕಾರ್ಡನ್ನು ಕೈಚೀಲದಲ್ಲೇ ತನ್ನಿ. ವೈದ್ಯರು ಅದನ್ನು ಆಸ್ಟ್ರೇಲಿಯಾದ ಲಸಿಕೆ ರಿಜಿಸ್ಟರಿಗೆ ಏರಿಸಿದ ಮೇಲೆ ಬರುವ ಪತ್ರವನ್ನೇ ಶಾಲೆ ಕೇಳುವುದು. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರಕ್ಕೆ ಹಾಕುವುದು ದಡಾರ-ರುಬೆಲ್ಲ ಲಸಿಕೆ ಮಾತ್ರ. ಮಂಗನಬಾವು, ಸಿಡುಬಿನಂಥ ಚಿಕನ್‌ಪಾಕ್ಸ್ ಲಸಿಕೆ ಇಲ್ಲಿ ಹಾಕಿಸಿಕೊಳ್ಳಬೇಕಾಗುತ್ತದೆ.

ಕಾರು

ಭಾರತದ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಲು ಜ್ಞಾನ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಉಂಟು. ರಸ್ತೆ ಪರೀಕ್ಷೆಯಲ್ಲಿ ಫೇಲಾದರೆ ಊರ ಲೈಸೆನ್ಸ್ ಮೇಲೆ ಓಡಿಸುವ ಹಕ್ಕೂ ಆ ದಿನವೇ ಹೋಗುತ್ತದೆ, ಲರ್ನರ್ ಆಗಿ ಮತ್ತೆ ಶುರು. ಹತ್ತು ವರ್ಷ ಬೆಂಗಳೂರಲ್ಲಿ ಓಡಿಸಿದವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಸ್ಟಾಪ್ ಫಲಕದ ಬಳಿ ಚಕ್ರ ಪೂರ್ತಿ ನಿಲ್ಲಿಸದಿರುವುದು, ಲೇನ್ ಬದಲಿಸುವಾಗ ಕನ್ನಡಿ ಸಾಕೆಂದು ಹೆಗಲ ಮೇಲಿಂದ ತಿರುಗಿ ನೋಡದಿರುವುದು, ಇವೆರಡೇ ಸಾಕು ಫೇಲಾಗಲು. ಮೊದಲೇ ಎರಡು ಮೂರು ಪಾಠ ತೆಗೆದುಕೊಳ್ಳಿ.

ಏಳು ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಊರಿಂದ ತಂದದ್ದು ನಡೆಯುವುದಿಲ್ಲ, ಇಲ್ಲಿನ ಮಾನದಂಡವಾದ ಎಎಸ್/ಎನ್‌ಜೆಡ್‌ಎಸ್ 1754 ಗುರುತು ಇರಬೇಕು. ಶಾಲಾ ದಿನ ಬೆಳಿಗ್ಗೆ 8ರಿಂದ 9:30, ಮಧ್ಯಾಹ್ನ 2:30ರಿಂದ 4ರವರೆಗೆ ಹೆಚ್ಚಿನ ಶಾಲೆಗಳ ಮುಂದೆ ಗಂಟೆಗೆ 40 ಕಿಲೋಮೀಟರ್. ರೈಲಿಗೆ ಫೋನ್ ಮುಟ್ಟಿಸಿ ಹತ್ತಿ, ಇಳಿಯುವಾಗ ಅದೇ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸಿದರೆ ಯಂತ್ರಕ್ಕೆ ಇಬ್ಬರು ಪ್ರಯಾಣಿಕರು. ಎರಡೂ ಕಡೆ ಹೆಚ್ಚಿನ ದರ ಕಡಿಯುತ್ತದೆ.

ದಿನಸಿ

ರಾಗಿ ಹಿಟ್ಟು, ಇಡ್ಲಿ ಅಕ್ಕಿ, ಬೆಲ್ಲ ವೆಂಟ್‌ವರ್ತ್‌ವಿಲ್ ಸ್ಟೇಷನ್ ಸುತ್ತಲೇ ಸಿಗುತ್ತವೆ. ಅವರೆಕಾಳು ಅಂತ ಕೇಳಿದರೆ ಅಂಗಡಿಯವರು ತಲೆ ಕೆರೆದುಕೊಳ್ಳಬಹುದು. ಫ್ರೀಜರಿನಲ್ಲಿ 'ಸುರ್ತಿ ಪಾಪಡಿ ಲಿಲ್ವಾ' ಎಂಬ ಗುಜರಾತಿ ಹೆಸರಿನ ಪೊಟ್ಟಣ ಹುಡುಕಿ, ಅದೇ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಚಳಿಗಾಲ, ರುಬ್ಬಿದ ಇಡ್ಲಿ ಹಿಟ್ಟು ಅಡುಗೆಮನೆಯಲ್ಲಿಟ್ಟರೆ ಬೆಳಗಾದರೂ ಉಬ್ಬುವುದಿಲ್ಲ. ಓವನ್ ಉರಿಸದೆ ಒಳಗಿನ ದೀಪವನ್ನಷ್ಟೇ ಹಾಕಿ ಪಾತ್ರೆ ಇಡಿ, ಕೆಳಗೊಂದು ತಟ್ಟೆ ಇರಲಿ. ಓವನ್ ಬಾಗಿಲಿಗೆ ಚೀಟಿ ಅಂಟಿಸಿ, ಬೆಳಿಗ್ಗೆ ಯಾರಾದರೂ ನೋಡದೆ ಉರಿ ಹಾಕಿಬಿಡುತ್ತಾರೆ.